ಕೆಂಪು ತುದಿಯ ಕಡಜವನ್ನು ಬಡಿಯಬೇಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ಗಂಗಾವತಿಯ ನಮ್ಮ ಓಣಿಯಲ್ಲಿ ಒಂದು ಕಡಜವನ್ನು ಕಸಬರಿಗೆಯಿಂದ ಬಡಿದು ಸಾಯಿಸಿದರು. ಅದು ತನಗಿಂತ ದಪ್ಪನೆಯ ಜೇಡವನ್ನು ಕಚ್ಚಿ ಹಿಡಿದು, ಹಿಂದಹಿಂದಕ್ಕೆ ನಡೆಯುತ್ತಾ ಗೋಡೆ ಬುಡದ ಸಂದಿಗೆ ಎಳೆಯುತ್ತಿತ್ತು. ‘ಇದು ಕಚ್ಚಿದ್ರೆ ಮನುಷ್ಯ ಅಲ್ಲೇ ಬೀಳ್ತಾನಂತೆ, ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ’ ಅಂದರು. ನಾನು ಓಡಿ ಹೋಗುವಷ್ಟರಲ್ಲಿ ಮುಗಿದುಹೋಗಿತ್ತು. ತುಂಬಾ ಸಂಕಟವಾಯಿತು.

ವಾಟ್ಸ್‌ಆ್ಯಪ್‌ನಲ್ಲಿ ಬಂದ ಹುಳ ಅಮೆರಿಕದ ಪೆಪ್ಸಿಸ್. ಟರಾಂಟುಲಾ ಜೇಡ ಹಿಡಿಯುವ ಭಾರಿ ಕಡಜ ಅದು. ಕೀಟ ವಿಜ್ಞಾನಿ ಜಸ್ಟಿನ್ ಶ್ಮಿಟ್ ಕುಟುಕಿನ ನೋವಿಗೆ ಅಂಕ ಕೊಟ್ಟಾಗ ಇದಕ್ಕೆ ಎಲ್ಲಕ್ಕಿಂತ ಮೇಲಿನ 4 ಸಿಕ್ಕಿದ್ದು ನಿಜ. ಆದರೆ ಆ ನೋವು ಕೆಲವೇ ನಿಮಿಷ. ನ್ಯೂ ಮೆಕ್ಸಿಕೋದವರು 1989ರಲ್ಲಿ ಅದನ್ನೇ ತಮ್ಮ ರಾಜ್ಯದ ಕೀಟ ಅಂತ ಘೋಷಿಸಿಕೊಂಡರು!

ನಮ್ಮ ಓಣಿಯಲ್ಲಿ ಸತ್ತಿದ್ದು ಅದರ ದೂರದ ನೆಂಟ, ಟ್ಯಾಕಿಪೊಂಪಿಲಸ್ ಅನಾಲಿಸ್. ಗುರುತು ಹಿಡಿಯುವುದು ಸುಲಭ. ಮೈಯೆಲ್ಲ ಕಪ್ಪು, ಹೊಟ್ಟೆಯ ತುದಿ ಮಾತ್ರ ಇಟ್ಟಿಗೆ ಕೆಂಪು. ರೆಕ್ಕೆಯೂ ಕಪ್ಪೇ, ಆದರೆ ಬಿಸಿಲು ಬಿದ್ದರೆ ನೇರಳೆ ಹೊಳಪು. ಮುಳ್ಳುಮುಳ್ಳಾದ ಉದ್ದನೆಯ ಕಾಲು. ಹೆಣ್ಣಿನ ಮೀಸೆ ತುದಿಯಲ್ಲಿ ಸುರುಳಿ ಸುತ್ತಿಕೊಂಡಿರುತ್ತದೆ. ನಾವು ಕುಂಬಾರ ಹುಳ ಅನ್ನುತ್ತೇವಲ್ಲ, ಮಣ್ಣಿನ ಗೂಡು ಮೆತ್ತುವುದು, ಅದಕ್ಕೆ ದಾರದಂಥ ಸೊಂಟ. ಇದಕ್ಕೆ ಹಾಗಿಲ್ಲ. ಇದು ಒಂದು ಕಡೆ ನಿಲ್ಲುವುದೇ ಇಲ್ಲ. ರೆಕ್ಕೆ ಅದುರಿಸುತ್ತಾ ನೆಲದ ಮೇಲೆ ಓಡಾಡುತ್ತಲೇ ಇರುತ್ತದೆ.

ಜೇಡವನ್ನು ಇದು ಕೊಲ್ಲುವುದಿಲ್ಲ. ಕುಟುಕಿ ಕೈಕಾಲು ಆಡದಂತೆ ಮಾಡಿ, ಅದರ ಮೇಲೆ ಒಂದೇ ಒಂದು ಮೊಟ್ಟೆ ಇಡುತ್ತದೆ. ಮರಿಗೆ ಆ ಜೇಡವೇ ಊಟ. ತಾಯಿ ಕುಡಿಯುವುದು ಹೂವಿನ ರಸ. ಒಂದು ಮರಿಗೆ ಇಷ್ಟು ಕಷ್ಟಪಡುವ ಜೀವ ಅಲ್ವಾ ಅದು!

ಇದು ಒಂಟಿ ಹುಳ. ಹುಟ್ಟು ಕಟ್ಟಿ ಗುಂಪಾಗಿ ಮೈಮೇಲೆ ಬೀಳುವ ಜಾತಿಯಲ್ಲ. ಗಂಡಿಗೆ ಕುಟುಕುವ ಮುಳ್ಳೇ ಇಲ್ಲ. ಹೆಣ್ಣು ಕುಟುಕಿದರೆ ಉರಿ ಜಾಸ್ತಿ, ಹಾಗಾಗಿ ಕೈಯಲ್ಲಿ ಹಿಡಿಯಬೇಡಿ ಅಂತ ಮಕ್ಕಳಿಗೆ ಹೇಳಲೇಬೇಕು. ಸುಮ್ನೆ ಬಿಟ್ಟರೆ ತನ್ನ ಪಾಡಿಗೆ ತಾನು ಹೋಗುತ್ತದೆ.

ನಿಮ್ಮ ಮಕ್ಕಳ ಪುಟದಲ್ಲಿ ಇದರ ಒಂದು ಬಣ್ಣದ ಚಿತ್ರ ಹಾಕಿ, ಪಕ್ಕದಲ್ಲೇ ಕುಂಬಾರ ಹುಳದ್ದೂ ಇರಲಿ. ನಾನು ಕತ್ತರಿಸಿ ನಮ್ಮ ಓಣಿಯ ಕಿರಾಣಿ ಅಂಗಡಿಗೆ ಅಂಟಿಸುತ್ತೇನೆ.

ಇಂತಿ,
ನಿವೃತ್ತ ಶಿಕ್ಷಕ, ಗಂಗಾವತಿ, ಕೊಪ್ಪಳ ಜಿಲ್ಲೆ