ಸಿಂಹದ ಬಾಯಿಯ ಪದ

ಚಿ. ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ.

ನಿನ್ನ ಮೇಲಧಿಕಾರಿಗೆ ಬರೆದ ಇಂಗ್ಲಿಷ್ ಪತ್ರವನ್ನು ಎರಡು ಸಲ ಓದಿದೆ. ಚೆನ್ನಾಗಿದೆ. ಒಂದು ಪದ ಮಾತ್ರ ಕಣ್ಣಿಗೆ ಚುಚ್ಚಿತು. ನಾವು ಒಯ್ದ ಹೋಳಿಗೆಯನ್ನು ಅವರ ತಂದೆ ‘ಡಿವೌರ್’ ಮಾಡಿದರು, ಅಂದರೆ ಗಬಗಬನೆ ನುಂಗಿದರು, ಎಂದು ಬರೆದಿದ್ದೀಯೆ.

ಅಂದು ನಾನೂ ಪಕ್ಕದಲ್ಲೇ ಇದ್ದೆನಲ್ಲ. ಆ ಹಿರಿಯರು ಹೋಳಿಗೆಯನ್ನು ಬಿಸಿ ಹಾಲಿನಲ್ಲಿ ನೆನೆಯಲು ಬಿಟ್ಟು, ಬೆರಳ ತುದಿಯಿಂದ ಚೂರು ಚೂರೇ ಮುರಿದು, ಹಲ್ಲಿಲ್ಲದ ಬಾಯಲ್ಲಿ ಅರ್ಧ ಗಂಟೆ ಸವಿದರು. ಅದಕ್ಕೆ ಈ ಪದ ಒಪ್ಪುವುದಿಲ್ಲ, ಮಗಳೇ.

ಇದರ ಬೇರು ಲ್ಯಾಟಿನ್ನಿನ ‘ವೊರಾರೆ’, ಎಂದರೆ ನುಂಗುವುದು. ಮಾಂಸಾಹಾರಿ ಪ್ರಾಣಿ ಎಂಬರ್ಥದ ‘ಕಾರ್ನಿವೋರ್’ ಪದದಲ್ಲಿ ಇರುವುದೂ ಅದೇ ಬೇರು. 1611ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲಿನಲ್ಲಿ, ಯಾರನ್ನು ನುಂಗಲಿ ಎಂದು ಗರ್ಜಿಸುತ್ತಾ ಅಲೆಯುವ ಸಿಂಹಕ್ಕೆ ಬಳಸಿದ್ದು ಈ ಪದವನ್ನೇ. ಬೆಂಕಿ ಕಾಡನ್ನು ಆಹುತಿ ತೆಗೆದುಕೊಂಡಿತು ಎನ್ನಲೂ ಇದು ಬರುತ್ತದೆ. ನಮ್ಮಲ್ಲಿ ಇದಕ್ಕೆ ತೀರಾ ಹತ್ತಿರದ್ದು ‘ಕಬಳಿಸು’. ಕೆರೆ ಒತ್ತುವರಿ ಮಾಡಿದವರಿಗೆ ಪತ್ರಿಕೆಗಳು ಮೀಸಲಿಟ್ಟ ಮಾತು! ‘ತಾತ ಊಟ ತಿಂದರು’ ಎಂದರೇ ನಿನ್ನ ಅಜ್ಜಿ ತಡೆದು, ‘ಊಟ ಮಾಡಿದರು’ ಎಂದು ಹೇಳಿಸುತ್ತಿದ್ದರು. ನೆನಪಿದೆಯೇ?

ಹಾಗೆಂದು ಪದವನ್ನೇ ದೂರ ಇಡಬೇಡ. ನಿನ್ನ ಬಗ್ಗೆ ನೀನೇ ಹೇಳಿಕೊಂಡರೆ, ‘ಹಸಿದು ಬಂದಿದ್ದೆ, ಬಡಿಸಿದ್ದನ್ನೆಲ್ಲ ಡಿವೌರ್ ಮಾಡಿದೆ’ ಎಂದರೆ, ಅಡುಗೆ ಮಾಡಿದವರಿಗೆ ಅದು ಹೊಗಳಿಕೆ. ಕಾದಂಬರಿಯೊಂದನ್ನು ಒಂದೇ ರಾತ್ರಿಯಲ್ಲಿ ಓದಿ ಮುಗಿಸಿದವರೂ ಹೀಗೆ ಹೇಳುತ್ತಾರೆ. ಅಲ್ಲಿ ಅದರಲ್ಲಿ ದೋಷವಿಲ್ಲ, ಪ್ರೀತಿಯಿದೆ. ಇನ್ನು ವ್ಯಾಕರಣದ ಮಾತು: ‘ಈಟ್’ ಒಂಟಿಯಾಗಿ ನಿಲ್ಲುತ್ತದೆ, ಡಿವೌರ್ ನಿಲ್ಲುವುದಿಲ್ಲ. ಏನನ್ನು ಎಂದು ಹೇಳಲೇಬೇಕು. ಗಬಗಬನೆ ತಿನ್ನುವುದಕ್ಕೇ ಹೇಳುವ ‘ಗಾಬಲ್’ ಜೊತೆಗೆ ‘ಅಪ್’, ‘ವುಲ್ಫ್’ ಜೊತೆಗೆ ‘ಡೌನ್’ ಸೇರುವಂತೆ ಇದಕ್ಕೆ ಬಾಲ ಬೇಡ. ಉಚ್ಚಾರಣೆ ‘ಡಿವೋರ್’ ಅಲ್ಲ. ಕೊನೆಯ ಭಾಗ ಗಂಟೆ ಎಂಬರ್ಥದ ‘ಅವರ್’ ಪದದಂತೆ ಕೇಳಿಸಬೇಕು.

ನಿನ್ನ ಪತ್ರಕ್ಕೆ ‘ರೆಲಿಶ್’ ಸಾಕು, ಸವಿದರು ಎಂದಾಗುತ್ತದೆ. ಹಾಲಿನಲ್ಲಿ ನೆನೆಸಿಕೊಂಡು ತಿಂದದ್ದನ್ನೂ ಒಂದು ಸಾಲಿನಲ್ಲಿ ಬರೆ. ತಂದೆಯ ಊಟವನ್ನು ನೀನು ಅಷ್ಟು ಅಕ್ಕರೆಯಿಂದ ನೋಡಿದ್ದೆ ಎಂದು ತಿಳಿದರೆ ಅವರಿಗೆ ಸಂತೋಷವಾಗುತ್ತದೆ.

ಅವರ ಮನೆಯವರು ಕೇಳಿದ್ದ ಹೂರಣದ ಅಳತೆಯನ್ನು ಬೇರೆ ಹಾಳೆಯಲ್ಲಿ ಬರೆದು ಇದರೊಂದಿಗೆ ಇಟ್ಟಿದ್ದೇನೆ. ಮರೆಯದೆ ತಲುಪಿಸು.

ನಿನ್ನ ಪ್ರೀತಿಯ,
ದೊಡ್ಡಮ್ಮ