ಅಂಜೂರದ ಹಾಲು, ಕೊಟ್ಟಿಗೆಯ ಕನ್ನಡ

ಮಾನ್ಯರೇ,

ನನ್ನ ಎಂಟು ವರ್ಷದ ಮೊಮ್ಮಗಳು ಈ ರಜೆಯಲ್ಲಿ ಒಂದು ವಾರ ಪುರಂದರ ತಾಲ್ಲೂಕಿನ ಸಾಸವಡ ಕಡೆಯ ತೋಟದ ಶಿಬಿರಕ್ಕೆ ಹೋಗಿಬಂದಳು. ಬೆಳಿಗ್ಗೆ ಬಸ್ಸು, ಸಂಜೆ ಮನೆ. ಪುರಂದರದ ಅಂಜೂರಕ್ಕೆ ಭೌಗೋಳಿಕ ಸೂಚಿಯ (ಜಿಐ ಟ್ಯಾಗ್) ಮಾನ್ಯತೆಯೇ ಇದೆ. ಮಕ್ಕಳಿಂದ ಹಣ್ಣು ಬಿಡಿಸಿದ್ದು ಒಳ್ಳೆಯದೇ. ಆದರೆ ತೊಟ್ಟು ಮುರಿದಾಗ ಒಸರುವ ಬಿಳಿ ಹಾಲು ಮೈಗೆ ತಾಗಿದರೆ ತುರಿಕೆ ಏಳುತ್ತದೆಂದು ಯಾರೂ ಹೇಳಲಿಲ್ಲ. ಎರಡನೇ ದಿನವೇ ಮೊಣಕೈವರೆಗೆ ಕೆಂಪು ದದ್ದು! ಕೊಬ್ಬರಿ ಎಣ್ಣೆ ಹಚ್ಚಿ, ಮರುದಿನ ತುಂಬುತೋಳಿನ ಅಂಗಿ ತೊಡಿಸಿ ಕಳಿಸಿದೆ. ಅಷ್ಟೊಂದು ಶುಲ್ಕ ಎಣಿಸಿಕೊಂಡವರು ಇಷ್ಟು ಹೇಳಬಾರದಿತ್ತೇ? ತೋಟಕ್ಕೆ ಕರೆದೊಯ್ದು ಮಧ್ಯಾಹ್ನಕ್ಕೆ ಪಿಜ್ಜಾ ಬೇರೆ. ಒಂದು ಭಾಕ್ರಿ ರೊಟ್ಟಿ, ಕಡಲೆಹಿಟ್ಟಿನ ಪಿಠಲೆ ಸಿಗಲಿಲ್ಲವೇ ಇವರಿಗೆ!

ಹುಡುಗಿಗೆ ಇದ್ಯಾವುದರ ಪರಿವೆಯಿಲ್ಲ. ದನ ನೋಡಿಕೊಳ್ಳುವವರು ವಿಜಯಪುರ ಕಡೆಯವರಂತೆ. ಇವಳು ಎಮ್ಮೆಗೆ “ಬಾರೇ” ಎಂದದ್ದು ಕೇಳಿ, “ನೀ ಕನ್ನಡದಾಕಿ ಏನವಾ?” ಅಂದರಂತೆ. ಉಳಿದ ದಿನವೆಲ್ಲ ಕೊಟ್ಟಿಗೆಯಲ್ಲೇ ಠಿಕಾಣಿ. ಹಿಂಡಿ, ಗೂಟ, ಕಣಿಕೆ (ಜೋಳದ ದಂಟಿನ ಮೇವು), ಗ್ವಾದಲಿ (ಮೇವು ಹಾಕುವ ಜಾಗ)... ಎಂಥೆಂಥ ಮಾತು ಕಲಿತು ಬಂದಳು! ನಾನು ಮನೆಯಲ್ಲಿ ಕನ್ನಡ ಮಾತಾಡಿದರೆ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದ ಕೂಸು ಇದು. ನಿನ್ನೆ ರಸ್ತೆಯಲ್ಲಿ ದನ ಕಂಡು “ಕರು ನೋಡು” ಅಂದೆ. “ಅಜ್ಜೀ, ಅದು ಕರು ಅಲ್ಲ, ಮಣಕ” (ಇನ್ನೂ ಈಯದ ಪ್ರಾಯದ ದನ) ಎಂದು ನನ್ನನ್ನೇ ತಿದ್ದಿದಳು.

– ಓರ್ವ ಅಜ್ಜಿ, ಕಾತ್ರಜ, ಪುಣೆ