ಚಿಲ್ಲರೆ ಕೊಟ್ಟ ಕಂಡಕ್ಟರಣ್ಣನಿಗೆ

ಬನಶಂಕರಿಯಿಂದ ಮೆಜೆಸ್ಟಿಕ್‌ಗೆ ಹೊರಟಿದ್ದ ಬಸ್ಸಿನ ಕಂಡಕ್ಟರಣ್ಣ, ನಿಮ್ಮ ಹೆಸರು ಕೇಳಲಾಗಲಿಲ್ಲ. ನನ್ನ ಬಳಿ ಚಿಕಿತ್ಸೆಗೆ ಬರುವ, ಕಂಬಿ ಹಿಡಿದು ಬೆವರುತ್ತಿದ್ದ ಹುಡುಗ ‘ಇದು ಕ್ಲೀನಾಗಿದೆಯಾ ಸಾರ್?’ ಅಂದಾಗ ನೀವು ‘ಗೊತ್ತಿಲ್ಲಪ್ಪ, ಗಟ್ಟಿಯಾಗಿ ಹಿಡ್ಕೋ’ ಎಂದು ಮಾಸಿದ ಹತ್ತರ ನೋಟನ್ನು ಅವನ ಕೈಗಿಟ್ಟಿರಿ. ಅದೇ ಸರಿಯಾದ ಉತ್ತರ.

ಅವನಿಗಿರುವುದು ಒಸಿಡಿ, ಅಂದರೆ ಬೇಡದ ಭಯ ಮತ್ತೆ ಮತ್ತೆ ಕಾಡಿ, ಅದನ್ನು ಇಳಿಸಲು ಕೈ ತೊಳೆಯುವಂಥ ಕೆಲಸವನ್ನೇ ಪದೇ ಪದೇ ಮಾಡಿಸುವ ಮಾನಸಿಕ ಕಾಯಿಲೆ. ‘ಏನೂ ಆಗಲ್ಲ’ ಎಂಬ ಸಮಾಧಾನ ಅಂಥವರಿಗೆ ಕೈ ತೊಳೆದದ್ದಕ್ಕೆ ಸಮ. ಭಯ ಆ ಕ್ಷಣಕ್ಕೆ ಇಳಿಯುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಕೇಳಬೇಕೆನಿಸುತ್ತದೆ. 1966ರಲ್ಲಿ ಮನೋವಿಜ್ಞಾನಿ ವಿಕ್ಟರ್ ಮೇಯರ್ ಬರೆದಂದಿನಿಂದಲೂ ಇದಕ್ಕೆ ನಾವು ಕೊಡುವ ಎಕ್ಸ್‌ಪೋಶರ್ ಚಿಕಿತ್ಸೆಯ ತಿರುಳು ಒಂದೇ: ಭಯಕ್ಕೆ ಎದುರಾಗುವುದು, ಆಮೇಲೆ ತೊಳೆಯದೆ, ಕೇಳದೆ ಇರುವುದು. ಎರಡನೆಯದಿಲ್ಲದಿದ್ದರೆ ಮೊದಲನೆಯದು ಬರೀ ಹಿಂಸೆ.

ಭಯಗಳಿಗೆ 0ಯಿಂದ 100ರವರೆಗೆ ಅಂಕ ಕೊಟ್ಟು, 40ರ ಆಸುಪಾಸಿನಿಂದ ಶುರು ಮಾಡುತ್ತೇವೆ. ಆ ಕಂಬಿಗೆ ಅವನು ಕೊಟ್ಟಿದ್ದು 45. ಕೈಯನ್ನು ಅಂಗಿಗೆ, ಕೆನ್ನೆಗೆ ಸವರಿಕೊಂಡು ಹಾಗೇ ಇರಬೇಕು. ಚಿಕಿತ್ಸೆ ಕೆಡುವುದು ಇಲ್ಲೇ: ಜೇಬಿನಲ್ಲಿ ಸ್ಯಾನಿಟೈಸರ್, ಮನಸ್ಸಿನಲ್ಲೇ ಎಣಿಕೆ, ಭಯ ಏರಿದೊಡನೆ ಮುಂದಿನ ಸ್ಟಾಪಿನಲ್ಲಿ ಇಳಿದುಬಿಡುವುದು. ವಾರಕ್ಕೊಂದು ಸೆಷನ್ ಸಾಲದು, ದಿನಾ ಅಭ್ಯಾಸ ಬೇಕು. ಎಲ್ಲರಿಗೂ ಪೂರ್ತಿ ಗುಣವಾಗುವುದಿಲ್ಲ, ಕೆಲವರಿಗೆ ಮಾತ್ರೆಯೂ ಬೇಕು. ಆದರೂ ಬಹಳ ಮಂದಿ ಇದರಿಂದ ಚೇತರಿಸಿಕೊಳ್ಳುತ್ತಾರೆ.

ಮಿನರ್ವ ಸರ್ಕಲ್ ದಾಟುವ ಹೊತ್ತಿಗೆ ಅವನ ಬೆರಳುಗಳು ಸಡಿಲವಾಗಿದ್ದವು. ನಿಮ್ಮ ನೋಟು ಅಂಗಿ ಜೇಬಿನಲ್ಲೇ ಇತ್ತು. ತುಂಬಾ ಥ್ಯಾಂಕ್ಸ್ ಅಣ್ಣ.